ಯಾರು ಹೇಳಿದರು? ಹೇಗೆ ಗೊತ್ತಾಯಿತು?



ಒಂದು ಸಂಜೆ ಅಸರ್ ನಮಾಝ್ ಮುಗಿಸಿ ಶಾಲೆಯ ಮಕ್ಕಳ ಕಾಪಿ ತಿದ್ದುತ್ತಾ ಕುಳಿತಿದ್ದೆ. ನಮ್ಮ ಓಣಿಯ ಖಾಲಾ ಒಬ್ಬರು ಬಂದರು. ಸವಣೂರಿನಲ್ಲಿ ಅವರ ಮನೆಯವರದು ವೀಳ್ಯದೆಲೆ ವ್ಯಾಪಾರ. ಖಾಲಾರಿಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಅವರ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಹತ್ತು ಹದಿನೈದು ಪುಟದ ಕಾಗದ. ಹಿಂದೆ ಡಿಗ್ರಿ ಓದುತ್ತಿರುವ ಮಗಳು.

"ಆಪಾ, ಹುಬ್ಬಳ್ಳಿ ದವಾಖಾನಿಯೊಳಗ ಈ ಕಾಗದಕ್ಕ ಸಹಿ ಮಾಡು ಅಂತಾರ. ಹೊಸಾ ಗುಳಿಗಿ ಪರೀಕ್ಷಾ ಮಾಡ್ತಾರಂತ. ನನ್ನ ಮಗ ನೋಡಿದವನ, ಅಮ್ಮೀ ನಿನ್ನ ಇಲಿ ಮಾಡ್ತಾರ, ಹೋಗಬ್ಯಾಡ ಅಂದ. ನೀವ ಓದಿ ಹೇಳ್ರಿ."

"ಆ ಫೋನಿನಲ್ಲಿ ಏನಿದೆ ಖಾಲಾ?" ಎಂದೆ.

ಅದನ್ನು ಅವರು ಹೆಮ್ಮೆಯಿಂದಲೇ ತೋರಿಸಿದರು. ಕಲೋಂಜಿ, ಮೆಂತ್ಯ, ದಾಲ್ಚಿನ್ನಿ ಕುದಿಸಿ 21 ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿದರೆ ಸಕ್ಕರೆ ಕಾಯಿಲೆ ಬೇರುಸಹಿತ ಹೋಗುತ್ತದೆ, ಗುಳಿಗೆಗಳನ್ನು ಕಸದ ಬುಟ್ಟಿಗೆ ಹಾಕಿ, ಹತ್ತು ಜನರಿಗೆ ಕಳಿಸಿದರೆ ಸದಕಾ ಜಾರಿಯಾದ ಪುಣ್ಯ ಎಂದು ಅದರಲ್ಲಿ ಬರೆದಿತ್ತು. ಕೊನೆಗೆ ಯಾರೋ ದೊಡ್ಡ ಡಾಕ್ಟರೆಂಬ ಹೆಸರು. ಯಾವ ಊರು, ಯಾವ ಆಸ್ಪತ್ರೆ ಎಂಬುದಿಲ್ಲ.

"ಗುಳಿಗೆ ಬಿಟ್ಟಿದ್ದೀರಾ?" ಎಂದು ಕೇಳಿದೆ.

ಖಾಲಾ ಸುಮ್ಮನಾದರು. ಮಗಳು ಹೇಳಿದಳು, "ಹನ್ನೊಂದು ದಿನ ಆತ್ರಿ ಆಪಾ."

ಸಹೋದರಿಯರೇ, ಇದನ್ನು ನೀವೂ ಸ್ವಲ್ಪ ಯೋಚಿಸಿ ನೋಡಿ. ಯಾರು ಬರೆದರೆಂದೇ ಗೊತ್ತಿಲ್ಲದ ಎಂಟು ಸಾಲಿನ ಮಾತಿಗೆ ಖಾಲಾ ತಮ್ಮ ಜೀವವನ್ನೇ ಒಪ್ಪಿಸಿದ್ದರು. ಬರೆದವರ ಹೆಸರು, ವಿಳಾಸ, ಅಪಾಯಗಳ ಪಟ್ಟಿ ಎಲ್ಲವೂ ಇದ್ದ ಹದಿನೈದು ಪುಟದ ಕಾಗದಕ್ಕೆ ಹೆದರುತ್ತಿದ್ದರು. ಅವರನ್ನು ನೋಡಿ ನಗುವ ಹಾಗಿಲ್ಲ. ನಮ್ಮಲ್ಲಿ ಬಹಳ ಮಂದಿ ಹಾಗೆಯೇ ಇದ್ದೇವೆ.

ಮಗಳ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ಅದೇ ತಿಂಗಳು ಅವಳ ಕಾಲೇಜಿಗೆ ವಿಶ್ವವಿದ್ಯಾಲಯದ ಕಡೆಯಿಂದ ಇಬ್ಬರು ಬಂದು ಎರಡು ಉಪನ್ಯಾಸ ಕೊಟ್ಟಿದ್ದರಂತೆ. ಒಂದು ಸಾಮಾಜಿಕ ಜಾಲತಾಣಗಳ ಪ್ರಭಾವದ ಕುರಿತು, ಇನ್ನೊಂದು ಔಷಧ ಪ್ರಯೋಗ ನಡೆಸುವ ಲ್ಯಾಬುಗಳ ಕುರಿತು. "ಎರಡಕ್ಕೂ ಏನು ಸಂಬಂಧ ಅಂತ ನಾವೆಲ್ಲ ನಕ್ಕಿದ್ವಿ ಆಪಾ. ಇವತ್ತು ನಮ್ಮ ಅಮ್ಮಿಯ ಎರಡೂ ಕೈ ನೋಡಿದಾಗ ಗೊತ್ತಾತು" ಎಂದಳು. ನಾನು ಆ ನೋಟ್‌ಬುಕ್ಕನ್ನು ಎರವಲು ಪಡೆದೆ. ಅದನ್ನು ಓದಿ, ನನಗೆ ತಿಳಿದದ್ದನ್ನೂ ಸೇರಿಸಿ ಈ ತಿಂಗಳ ಮಾತು ಬರೆಯುತ್ತಿದ್ದೇನೆ.

ಮೊದಲು ಫೋನಿನ ಮಾತು. ನಾನು ಮದ್ರಸಾದಲ್ಲಿ ಓದುವಾಗ ಹದೀಸಿನ ಪಾಠದಲ್ಲಿ ಉಸ್ತಾದರು ಮೊದಲು ಕಲಿಸಿದ್ದು ಸನದ್. ಈ ಮಾತನ್ನು ಇವರಿಗೆ ಹೇಳಿದವರು ಯಾರು, ಅವರಿಗೆ ಹೇಳಿದವರು ಯಾರು, ಅವರು ನಂಬಿಕಸ್ಥರೇ, ನೆನಪಿನ ಶಕ್ತಿ ಸರಿಯಿತ್ತೇ, ಇಬ್ಬರೂ ಒಂದೇ ಕಾಲದಲ್ಲಿ ಬದುಕಿದ್ದರೇ? ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ಮುಹದ್ದಿಸರು ಆ ಮಾತನ್ನು ಬಲಹೀನ ಎಂದು ಬದಿಗಿಡುತ್ತಿದ್ದರು. ಸುದ್ದಿ ಬಂದರೆ ಪರಿಶೀಲಿಸಿ ನೋಡಬೇಕೆಂದು ಸೂರಃ ಅಲ್ ಹುಜುರಾತ್‌ನ 6ನೇ ವಚನದಲ್ಲಿ ನಮಗೆ ಆದೇಶವಿದೆ. ಕೇಳಿದ್ದನ್ನೆಲ್ಲ ಹೇಳಿಕೊಂಡು ಹೋಗುವುದನ್ನು ಪ್ರವಾದಿ(ಸ)ರು ಸುಳ್ಳಿನ ಸಾಲಿಗೇ ಸೇರಿಸಿದ್ದಾರೆ. ಸನದಿನ ವಿದ್ಯೆಯನ್ನು ಲೋಕಕ್ಕೆ ಕೊಟ್ಟ ಸಮುದಾಯದ ಮನೆಗಳಲ್ಲಿ ಇಂದು "ಯಾರು ಹೇಳಿದರು?" ಎಂದು ಕೇಳುವುದೇ ಮರೆತುಹೋಗಿದೆ.

ಖಾಲಾರ ಮಗಳಿಗೆ ಹೇಳಿದೆ, "ಬೇಟಿ, ಈ ಮೆಸೇಜಿನ ಸನದ್ ಹುಡುಕೋಣ." ಅಲ್ಲೇ ಕುಳಿತು ಫೋನು ಮಾಡಿದೆವು. ಕುಟುಂಬದ ಗ್ರೂಪಿಗೆ ಹಾಕಿದ್ದು ಹಿರೇಕೆರೂರಿನ ಅವಳ ಚಾಚಾನ ಸೊಸೆ. ಅವಳಿಗೆ ಕಳಿಸಿದ್ದು ಶಿಗ್ಗಾವಿಯ ಗೆಳತಿ. ಗೆಳತಿಗೆ ಬಂದದ್ದು ಹಾನಗಲ್ಲಿನ ಅವಳ ನಾದಿನಿಯಿಂದ. ಹಾನಗಲ್ಲಿನಾಕೆ ಹೇಳಿದಳು, "ನನಗ ಯಾವುದೋ ಗ್ರೂಪಿನಾಗ ಬಂತು, ಯಾರು ಹಾಕಿದ್ರೋ ನೆನಪಿಲ್ಲ." ಸನದ್ ಅಲ್ಲಿಗೆ ಕಡಿಯಿತು. "ಆ ಕಷಾಯ ನೀವು ಕುಡಿದಿದ್ದೀರಾ?" ಎಂದು ಕೇಳಿದೆ. "ಇಲ್ರಿ ಆಪಾ, ನಾ ಗುಳಿಗಿನ ತಗೋತೀನಿ. ಯಾರಿಗರ ಉಪಯೋಗ ಆದೀತು ಅಂತ ಕಳಿಸಿದೆ."

ನಾಲ್ಕು ತಾಲೂಕು ದಾಟಿ ಬಂದ ಔಷಧ. ದಾರಿಯಲ್ಲಿ ಸಿಕ್ಕ ಒಬ್ಬರೂ ಅದನ್ನು ಕುಡಿದಿರಲಿಲ್ಲ. ಕುಡಿದವರು ನಮ್ಮ ಖಾಲಾ ಮಾತ್ರ.

ಕಲೋಂಜಿಯ ವಿಷಯದಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಅದರ ಮಹತ್ವ ಹದೀಸಿನಲ್ಲಿ ಬಂದಿದೆ, ನಾವು ಅದನ್ನು ಗೌರವಿಸುತ್ತೇವೆ. ಆದರೆ 21 ದಿನ, ಬೇರುಸಹಿತ, ಗುಳಿಗೆ ಎಸೆಯಿರಿ ಎಂಬ ಮಾತುಗಳು ಹದೀಸಿನಲ್ಲಿ ಇಲ್ಲ. ಅವನ್ನು ಯಾರೋ ಸೇರಿಸಿದ್ದಾರೆ. ಧರ್ಮದ ಹೆಸರಿನ ಪಕ್ಕ ತಮ್ಮ ಮಾತನ್ನು ಅಂಟಿಸಿದರೆ ಜನ ಪ್ರಶ್ನೆ ಮಾಡುವುದಿಲ್ಲ ಎಂಬುದು ಅವರಿಗೆ ಗೊತ್ತು. ಸಕ್ಕರೆ ಕಾಯಿಲೆಯ ಕೆಟ್ಟ ಗುಣವೆಂದರೆ, ಗುಳಿಗೆ ಬಿಟ್ಟ ಮರುದಿನ ಏನೂ ತಿಳಿಯುವುದಿಲ್ಲ. ನೋವಿಲ್ಲ, ಜ್ವರವಿಲ್ಲ. ಒಳಗೊಳಗೇ ಕಣ್ಣು, ಮೂತ್ರಪಿಂಡ, ಪಾದದ ನರ ಕೆಡುತ್ತಾ ಹೋಗುತ್ತದೆ. "ಬಿಟ್ಟರೂ ಚೆನ್ನಾಗಿದ್ದೇನೆ" ಎಂಬ ಭ್ರಮೆ ಆಗ ಕಷಾಯದ ಕೀರ್ತಿಯಾಗುತ್ತದೆ.

ಇಂಥ ಮಾತುಗಳು ಏನೆಲ್ಲ ಮಾಡಬಲ್ಲವೆಂದು ನಮ್ಮ ರಾಜ್ಯವೇ ಕಂಡಿದೆ. 2017ರ ಫೆಬ್ರವರಿ 7ರಂದು ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಆರಂಭವಾಯಿತು. 9 ತಿಂಗಳಿನಿಂದ 15 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಲಸಿಕೆ. ಆಗ ಮೊಬೈಲುಗಳಲ್ಲಿ ಹರಿದಾಡಿದ ಮಾತು ನಿಮಗೂ ನೆನಪಿರಬಹುದು: ಇದು ಮುಂದೆ ಮಕ್ಕಳಾಗದಂತೆ ಮಾಡುವ ಸೂಜಿ ಎಂದು. ನನ್ನ ತರಗತಿಯಲ್ಲೇ ಎಷ್ಟೋ ತಾಯಂದಿರು ಆ ದಿನ ಮಕ್ಕಳನ್ನು ಶಾಲೆಗೆ ಕಳಿಸಲಿಲ್ಲ. ನಿಜ ಸಂಗತಿ ಇದಕ್ಕೆ ತೀರಾ ವಿರುದ್ಧ. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ತಗುಲಿದರೆ ಗರ್ಭಪಾತವಾಗಬಹುದು. ಮಗು ಕಿವುಡಾಗಿ, ಕಣ್ಣಿನ ಅಥವಾ ಹೃದಯದ ದೋಷದೊಂದಿಗೆ ಹುಟ್ಟಬಹುದು. ನಮ್ಮ ಹೆಣ್ಣುಮಕ್ಕಳ ತಾಯ್ತನವನ್ನು ಕಾಯುವ ಲಸಿಕೆಯನ್ನೇ ತಾಯ್ತನದ ಶತ್ರು ಎಂದು ಬಿಂಬಿಸಲಾಯಿತು.

ಮರುವರ್ಷ ಇನ್ನೂ ಘೋರವಾದುದು ನಡೆಯಿತು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗೆಳೆಯರ ತಂಡದಲ್ಲಿದ್ದ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳನೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಹೊಡೆದು ಕೊಂದಿತು. ದೇಶದಲ್ಲಿ ಇಂಥ ಕೊಲೆಗಳು ಸಾಲಾಗಿ ನಡೆದ ನಂತರವೇ ಅದೇ ತಿಂಗಳು ವಾಟ್ಸ್‌ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸಲಾಗದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು.

2020ರ ಮಾರ್ಚ್-ಏಪ್ರಿಲ್ ನೆನೆಸಿಕೊಂಡರೆ ಇಂದಿಗೂ ಎದೆ ಭಾರವಾಗುತ್ತದೆ. ಕೊರೋನಾ ಹರಡಿದ್ದು ನಾವೇ ಎಂದು, ಎಲ್ಲಿಯೋ ಯಾವಾಗಲೋ ತೆಗೆದ ವಿಡಿಯೋಗಳನ್ನು ತೋರಿಸಿ, ತರಕಾರಿ ಮಾರುವ ನಮ್ಮವರನ್ನು ಓಣಿಗೆ ಬಿಡದಂತೆ ಮಾಡಲಾಯಿತು. ಅದೇ ವರ್ಷ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ತಬ್ಲೀಗ್ ಜಮಾಅತ್‌ನ ವಿದೇಶಿಯರ ಮೇಲಿನ ಎಫ್‌ಐಆರ್‌ಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶು ಮಾಡಿದಂತೆ ಕಾಣುತ್ತದೆ ಎಂದಿತು. ಆದರೆ ತೀರ್ಪು ಬಂದದ್ದು ಸುಳ್ಳು ಮನೆ ಮನೆ ಮುಟ್ಟಿದ ಮೇಲೆ. ಪರಿಶೀಲಿಸದೆ ಹಂಚಿದ ಮಾತು ಎಷ್ಟು ಸುಡುತ್ತದೆಂದು ನಮಗಿಂತ ಹೆಚ್ಚು ಯಾರಿಗೆ ಗೊತ್ತು? ನಮ್ಮ ಮೇಲೆ ಬಂದ ಸುಳ್ಳಿಗೆ ಅಳುವ ನಾವೇ, ಇನ್ನೊಬ್ಬರ ಆರೋಗ್ಯದ ವಿಷಯದಲ್ಲಿ ಸುಳ್ಳನ್ನು ದಾಟಿಸಿದರೆ ಅಲ್ಲಾಹನ ಮುಂದೆ ಏನು ಉತ್ತರ ಕೊಡುತ್ತೇವೆ?

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಆ ವರ್ಷ "ಪ್ಲಾಸ್ಮಾ ಬೇಕಾಗಿದೆ" ಎಂಬ ಮೆಸೇಜುಗಳನ್ನು ದಿನಕ್ಕೆ ಹತ್ತು ಕಳಿಸಿದವಳು ನಾನು. ಕೊರೋನಾದಿಂದ ಗುಣವಾದವರ ರಕ್ತದ ಪ್ಲಾಸ್ಮಾ ಕೊಟ್ಟರೆ ರೋಗಿ ಬದುಕುತ್ತಾನೆ ಎಂದು ಎಲ್ಲರೂ ಹೇಳುತ್ತಿದ್ದರು. ದಿಲ್ಲಿಯಲ್ಲಿ ಗುಣಮುಖರಾದ ಜಮಾಅತ್‌ನ ಅನೇಕರು ಪ್ಲಾಸ್ಮಾ ದಾನ ಮಾಡಿದ್ದು ನಮಗೆ ಹೆಮ್ಮೆಯೂ ಆಗಿತ್ತು. ಆದರೆ ಅದು ನಿಜವಾಗಿ ಕೆಲಸ ಮಾಡುತ್ತದೆಯೇ? ಉತ್ತರ ಸಿಕ್ಕಿದ್ದು ಪ್ರಯೋಗದಿಂದ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 39 ಆಸ್ಪತ್ರೆಗಳಲ್ಲಿ 464 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿತು. ಎರಡೂ ಗುಂಪಿಗೆ ಮಾಮೂಲು ಚಿಕಿತ್ಸೆ, ಒಂದು ಗುಂಪಿಗೆ ಅದರ ಜೊತೆ ಪ್ಲಾಸ್ಮಾ. ರೋಗ ಉಲ್ಬಣಿಸಿದವರು ಅಥವಾ ತೀರಿಕೊಂಡವರು ಪ್ಲಾಸ್ಮಾ ಪಡೆದವರಲ್ಲಿ 100ಕ್ಕೆ 19, ಪಡೆಯದವರಲ್ಲಿ 100ಕ್ಕೆ 18. ಅಂದರೆ ಪ್ರಯೋಜನವಾಗಲಿಲ್ಲ. 2020ರ ಅಕ್ಟೋಬರಿನಲ್ಲಿ ಫಲಿತಾಂಶ ಪ್ರಕಟವಾಯಿತು, 2021ರ ಮೇ ತಿಂಗಳಲ್ಲಿ ಪ್ಲಾಸ್ಮಾವನ್ನು ಚಿಕಿತ್ಸಾ ಸೂಚಿಯಿಂದಲೇ ತೆಗೆದರು. ದಾನ ಕೊಟ್ಟವರ ನಿಯ್ಯತ್ತಿಗೆ ಇನ್‌ಶಾ ಅಲ್ಲಾಹ್ ಪ್ರತಿಫಲವಿದೆ. ಆದರೆ ನಿಯ್ಯತ್ತು ಒಳ್ಳೆಯದಿದ್ದ ಮಾತ್ರಕ್ಕೆ ಔಷಧ ಒಳ್ಳೆಯದಾಗುವುದಿಲ್ಲ.

ಇಲ್ಲಿಂದ ಖಾಲಾರ ಇನ್ನೊಂದು ಕೈಯ ಕಾಗದಕ್ಕೆ ಬರೋಣ.

ಔಷಧವನ್ನು ಪರೀಕ್ಷಿಸುವುದು ನಮಗೆ ಪರಕೀಯ ವಿದ್ಯೆಯಲ್ಲ. ಹತ್ತನೇ ಶತಮಾನದ ಆರಂಭದಲ್ಲಿ ತೀರಿಕೊಂಡ ಅಲ್ ರಾಝಿ, ಮೆದುಳು ಜ್ವರದ ರೋಗಿಗಳಲ್ಲಿ ಕೆಲವರಿಗೆ ರಕ್ತ ತೆಗೆದು, ಇನ್ನು ಕೆಲವರಿಗೆ ಬೇಕೆಂದೇ ತೆಗೆಯದೆ, ಇಬ್ಬರನ್ನೂ ಹೋಲಿಸಿ ನೋಡಿದ್ದನ್ನು ಬರೆದಿಟ್ಟಿದ್ದಾರೆ. ನಂತರ ಬಂದ ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಔಷಧ ಪರೀಕ್ಷೆಗೆ ನಿಯಮಗಳನ್ನೇ ಕೊಟ್ಟರು. ಪ್ರಾಣಿಯ ಮೇಲೆ ಪರಿಣಾಮ ಕಂಡಿತೆಂದು ಮನುಷ್ಯನ ಮೇಲೂ ಹಾಗೆಯೇ ಆಗುತ್ತದೆಂದು ಹೇಳಲಾಗದು ಎಂಬುದು ಅವುಗಳಲ್ಲಿ ಒಂದು.

ಇಂದಿನ ಪ್ರಯೋಗ ಹಂತ ಹಂತವಾಗಿ ನಡೆಯುತ್ತದೆ. ಮೊದಲ ಹಂತದಲ್ಲಿ ಕೆಲವೇ ಜನ, ಔಷಧ ಸುರಕ್ಷಿತವೇ ಎಂದು ನೋಡಲು. ಎರಡನೆಯದರಲ್ಲಿ ಇನ್ನಷ್ಟು ಜನ. ಮೂರನೆಯದರಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಜನ. ಕೊವ್ಯಾಕ್ಸಿನ್ ಲಸಿಕೆಯ ಮೊದಲ ಹಂತದಲ್ಲಿ 375 ಜನರಿದ್ದರು. ನಮ್ಮ ಬೆಳಗಾವಿಯ ಒಂದು ಆಸ್ಪತ್ರೆಯೂ ಆ ಕೇಂದ್ರಗಳಲ್ಲಿತ್ತು. ಮೂರನೇ ಹಂತದಲ್ಲಿ 25 ಸಾವಿರಕ್ಕೂ ಹೆಚ್ಚು ಜನ. ಆ ಫಲಿತಾಂಶ ಬರುವ ಮೊದಲೇ, 2021ರ ಜನವರಿಯಲ್ಲಿ ಅನುಮತಿ ಕೊಟ್ಟದ್ದನ್ನು ಅನೇಕ ವಿಜ್ಞಾನಿಗಳು ಪ್ರಶ್ನಿಸಿದರು. ಪ್ರಶ್ನಿಸಿದ್ದು ಸರಿಯೇ. ಆದರೆ ಅವರು ಲೆಕ್ಕ ಕೇಳಿದರು, ವದಂತಿ ಹಬ್ಬಿಸಲಿಲ್ಲ.

ಪ್ರಯೋಗದ ಲ್ಯಾಬಿನ ಕುರಿತು ಹುಡುಗಿಯ ನೋಟ್‌ಬುಕ್ಕಿನಲ್ಲಿ ಬರೆದಿದ್ದುದು ಶಿಕ್ಷಕಿಯಾದ ನನಗೆ ಬಹಳ ಹಿಡಿಸಿತು. ರಕ್ತದ ನಳಿಕೆಯ ಮೇಲೆ ಹೆಸರಿರುವುದಿಲ್ಲ, ಸಂಕೇತ ಸಂಖ್ಯೆ ಇರುತ್ತದೆ. ಎಷ್ಟು ಗಂಟೆಗೆ ತೆಗೆದರು, ಯಾರು ತೆಗೆದರು, ಎಷ್ಟು ತಂಪಿನಲ್ಲಿಟ್ಟರು ಎಂಬುದನ್ನೆಲ್ಲ ಬರೆಯಬೇಕು. ಕರೆಂಟು ಹೋದರೆ ಮಾದರಿ ಕೆಡಬಾರದೆಂದು ಜನರೇಟರ್ ಇರಬೇಕು. ಅನೇಕ ಪ್ರಯೋಗಗಳಲ್ಲಿ ಯಾರಿಗೆ ನಿಜವಾದ ಔಷಧ, ಯಾರಿಗೆ ಹುಸಿ ಗುಳಿಗೆ ಎಂಬುದು ರೋಗಿಗೂ ಗೊತ್ತಿರುವುದಿಲ್ಲ, ಡಾಕ್ಟರಿಗೂ ಗೊತ್ತಿರುವುದಿಲ್ಲ. ಗೊತ್ತಾದರೆ ಮನಸ್ಸು ಒಂದು ಕಡೆಗೆ ವಾಲುತ್ತದೆ. ಬರೆದದ್ದು ತಪ್ಪಾದರೆ ರಬ್ಬರಿನಿಂದ ಅಳಿಸುವ ಹಾಗಿಲ್ಲ, ಬಿಳಿ ಬಣ್ಣ ಹಚ್ಚುವ ಹಾಗಿಲ್ಲ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ಸಹಿ ಮತ್ತು ತಾರೀಖು ಹಾಕಬೇಕು. ಹಳೆಯ ತಪ್ಪೂ ಓದಲು ಸಿಗಬೇಕು. ಫೋನಿನಲ್ಲಾದರೋ ಸುಳ್ಳು ಹಂಚಿ, ಸಿಕ್ಕಿಬಿದ್ದಾಗ ಅಳಿಸಿಬಿಟ್ಟರೆ ಮುಗಿಯಿತು.

ಹಾಗೆಂದು ಪ್ರಯೋಗದವರೆಲ್ಲ ಸಾಚಾ ಎಂದು ನಾನು ಹೇಳುತ್ತಿಲ್ಲ. ಖಾಲಾರ ಮಗನ ಹೆದರಿಕೆಗೆ ಕಾರಣಗಳಿವೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಹತ್ತರಿಂದ ಹದಿನಾಲ್ಕು ವರ್ಷದ ಸಾವಿರಾರು ಹುಡುಗಿಯರಿಗೆ, ಗರ್ಭಕೊರಳ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಅಧ್ಯಯನದ ರೂಪದಲ್ಲಿ ಹಾಕಿದರು. ಏಳು ಹುಡುಗಿಯರ ಸಾವು ವರದಿಯಾದ ಮೇಲೆ 2010ರ ಏಪ್ರಿಲಿನಲ್ಲಿ ಅದನ್ನು ನಿಲ್ಲಿಸಲಾಯಿತು. ಸಾವುಗಳಿಗೆ ಲಸಿಕೆ ಕಾರಣವಲ್ಲವೆಂದು ತನಿಖೆ ಹೇಳಿತು. ಇಂದು ಆ ಲಸಿಕೆ ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಆದರೆ ಬಡ ಹುಡುಗಿಯರ ಒಪ್ಪಿಗೆ ಪತ್ರಗಳಿಗೆ ತಂದೆತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದು ಬಯಲಾಯಿತು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದನ್ನು ಕಟುವಾಗಿ ಖಂಡಿಸಿತು. 2011ರಲ್ಲಿ ಗುಂಟೂರು ಜಿಲ್ಲೆಯ ಪಿಡುಗುರಾಳ್ಳದ ಬಡ ಹೆಂಗಸರನ್ನು ದಲ್ಲಾಳಿಗಳು ಹಣದಾಸೆ ತೋರಿಸಿ ಹೈದರಾಬಾದಿನ ಲ್ಯಾಬಿಗೆ ಔಷಧ ಪರೀಕ್ಷೆಗೆ ಕರೆದೊಯ್ದದ್ದೂ ದೊಡ್ಡ ಸುದ್ದಿಯಾಗಿತ್ತು.

ಇಂಥ ಅನ್ಯಾಯಗಳ ವಿರುದ್ಧ ಹೋರಾಟ ನಡೆದದ್ದರಿಂದಲೇ ನಿಯಮಗಳು ಬಿಗಿಯಾದವು. 2009ರ ಜೂನ್‌ನಿಂದ ಪ್ರತಿಯೊಂದು ಪ್ರಯೋಗವನ್ನೂ ಸಿಟಿಆರ್‌ಐ ಎಂಬ ಸರಕಾರಿ ದಾಖಲೆಯಲ್ಲಿ ನೋಂದಾಯಿಸುವುದು ಕಡ್ಡಾಯವಾಯಿತು. 2019ರಲ್ಲಿ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳು ಬಂದವು. ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ಪ್ರಯೋಗ ಆರಂಭಿಸುವಂತಿಲ್ಲ. ಆ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು, ವೈದ್ಯರಲ್ಲದ ಸಾಮಾನ್ಯರೊಬ್ಬರಿರಬೇಕು, ಮಹಿಳೆಯೂ ಇರಬೇಕು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಓದಲು ಬಾರದವರಾದರೆ, ಆಸ್ಪತ್ರೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಮುಂದೆ ಎಲ್ಲವನ್ನೂ ವಿವರಿಸಬೇಕು.

ಒಳ್ಳೆಯ ಪ್ರಯೋಗ ಬಡವರಿಗೆ ಏನು ಕೊಟ್ಟಿದೆ ಎಂಬುದಕ್ಕೂ ಒಂದು ಉದಾಹರಣೆ ಸಾಕು. ಹಿಂದೆ ಕ್ಷಯ ಬಂದರೆ ಸ್ಯಾನಿಟೋರಿಯಮ್ಮಿಗೆ ಸೇರಿಸಬೇಕಿತ್ತು. ಮನೆಯ ತಾಯಿ ತಿಂಗಳುಗಟ್ಟಲೆ ಮಕ್ಕಳಿಂದ ದೂರ. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಪ್ರಯೋಗದಲ್ಲಿ ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದನ್ನು ಸ್ಯಾನಿಟೋರಿಯಮ್ಮಿನಲ್ಲಿ, ಇನ್ನೊಂದನ್ನು ಮನೆಯಲ್ಲೇ ಔಷಧ ಕೊಟ್ಟು ನೋಡಿದರು. ಇಕ್ಕಟ್ಟಿನ ಮನೆ, ಸಾಧಾರಣ ಊಟ ಇದ್ದರೂ ಮನೆಯವರು ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು; ಮನೆಮಂದಿಗೆ ಹೆಚ್ಚಿನ ಅಪಾಯವೂ ಕಾಣಲಿಲ್ಲ. ಇಂದು ಕ್ಷಯದ ಗುಳಿಗೆಯನ್ನು ಮನೆಯಲ್ಲಿದ್ದುಕೊಂಡೇ ನುಂಗುವುದರ ಹಿಂದೆ ಹೆಸರಿಲ್ಲದ ಆ ರೋಗಿಗಳ ಉಪಕಾರವಿದೆ.

ಖಾಲಾರಿಗೆ ನಾನು ಸಹಿ ಮಾಡಿ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅದು ಅವರ ದೇಹ, ಅವರ ನಿರ್ಧಾರ. ಕಾಗದವನ್ನು ಎರಡು ಸಂಜೆ ಕುಳಿತು ಓದಿ ಹೇಳಿದೆ. ಕೇಳಬೇಕಾದ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ನೀವೂ ಬರೆದಿಟ್ಟುಕೊಳ್ಳಿ:

ಇದು ಎಷ್ಟನೇ ಹಂತದ ಪ್ರಯೋಗ? ನೋಂದಣಿ ಸಂಖ್ಯೆ ಯಾವುದು, ನೈತಿಕ ಸಮಿತಿಯ ಒಪ್ಪಿಗೆ ಇದೆಯೇ?

ನನಗೆ ಹುಸಿ ಗುಳಿಗೆ ಬಂದರೆ ನನ್ನ ಈಗಿನ ಔಷಧ ನಿಲ್ಲುತ್ತದೆಯೇ?

ನಾನು ಒಲ್ಲೆ ಎಂದರೆ, ಅಥವಾ ನಡುವೆ ಬಿಟ್ಟರೆ, ಇಲ್ಲಿನ ಚಿಕಿತ್ಸೆ ಮುಂದುವರಿಯುತ್ತದೆಯೇ?

ತೊಂದರೆಯಾದರೆ ರಾತ್ರಿ ಯಾರಿಗೆ ಫೋನು ಮಾಡಬೇಕು? ಖರ್ಚು ಯಾರದು?

ರಂಝಾನ್ ಉಪವಾಸದಲ್ಲಿ ಏನು ಮಾಡಬೇಕು?

ಕಾಗದದ ಒಂದು ಪ್ರತಿ ನನಗೆ ಕೊಡುತ್ತೀರಾ?

ಯುವತಿಯರಾದರೆ, ಗರ್ಭಿಣಿಯಾದರೆ ಏನಾಗುತ್ತದೆ ಎಂಬುದನ್ನೂ ಕೇಳಲೇಬೇಕು.

ಮೊದಲಿಗೆ ಅವರು ಊರಿನ ಸರಕಾರಿ ದವಾಖಾನೆಗೆ ಹೋದರು. ಖಾಲಿ ಹೊಟ್ಟೆಯ ಸಕ್ಕರೆ 286 ಆಗಿತ್ತು. ಅಂದೇ ಗುಳಿಗೆ ಮತ್ತೆ ಆರಂಭಿಸಿದರು. ಮುಂದಿನ ವಾರ ಚೀಟಿ ಹಿಡಿದು ಮಗಳೊಂದಿಗೆ ಹುಬ್ಬಳ್ಳಿಗೆ ಹೋದರು. ಅಲ್ಲಿನ ಡಾಕ್ಟರಮ್ಮ ಕುಳಿತು ಉತ್ತರ ಕೊಟ್ಟರಂತೆ. ಹಳೆಯ ಗುಳಿಗೆ ನಿಲ್ಲುವುದಿಲ್ಲ, ಅದರ ಮೇಲೆ ಹೊಸದೋ ಹುಸಿಯದೋ ಸೇರುತ್ತದೆ ಎಂದರಂತೆ. ತಿಂಗಳಿಗೆ ಎರಡು ಸಲ ಬರಬೇಕೆಂದು ತಿಳಿದಾಗ ಖಾಲಾ, "ಅಷ್ಟು ಸಲ ಬಸ್ಸಿನ್ಯಾಗ ಬರಾಕ ನನ್ನಿಂದ ಆಗೂದಿಲ್ರಿ" ಎಂದರು. "ಆಗಲಿ ತಾಯಿ, ನಿಮ್ಮ ಚಿಕಿತ್ಸೆ ಹೀಗೇ ನಡೀತದ" ಎಂದರಂತೆ ಡಾಕ್ಟರಮ್ಮ. ಖಾಲಾ ಹೆದರಿ ಓಡಿಬರಲಿಲ್ಲ. ಕೇಳಿ, ತಿಳಿದು, ಒಲ್ಲೆ ಎಂದು ಬಂದರು. ನನಗೆ ಸಮಾಧಾನವಾದದ್ದು ಅದೇ.

ಇನ್ನೊಂದು ಸಂಗತಿ. ಹಾನಗಲ್ಲಿನ ಆ ಸಹೋದರಿ ಕೆಲವು ದಿನಗಳ ನಂತರ ತಾನು ಮೆಸೇಜು ಹಾಕಿದ್ದ ಎಲ್ಲ ಕಡೆಗೂ ತಾನೇ ಮಾತಾಡಿ ಕಳಿಸಿದಳು: "ಆ ಕಷಾಯ ನಾನು ಕುಡಿದಿಲ್ಲ, ಯಾರು ಹೇಳಿದ್ದೋ ನನಗೆ ಗೊತ್ತಿಲ್ಲ, ಕಳಿಸಿದ್ದು ತಪ್ಪಾಯಿತು, ಗುಳಿಗೆ ಬಿಟ್ಟವರು ಡಾಕ್ಟರರ ಕಡೆ ಹೋಗಿ." ಅಳಿಸಿ ಸುಮ್ಮನಿರಬಹುದಿತ್ತು, ಆಕೆ ಹಾಗೆ ಮಾಡಲಿಲ್ಲ. ತಪ್ಪಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ತನ್ನ ಹೆಸರಿನ ಸಹಿ ಹಾಕಿದಳು. ಖಾಲಾರಂತೆ ಗುಳಿಗೆ ಬಿಟ್ಟಿದ್ದ ಇಬ್ಬರು ಆಕೆಗೆ ಫೋನು ಮಾಡಿದರಂತೆ.

ಸಹೋದರಿಯರೇ, ಇವತ್ತು ನಿಮ್ಮ ಫೋನಿಗೂ ಏನಾದರೊಂದು ಬರುತ್ತದೆ. ಮುಂದೆ ಕಳಿಸುವ ಮೊದಲು ಎರಡು ಪ್ರಶ್ನೆ ಕೇಳಿ: ಯಾರು ಹೇಳಿದರು? ಅವರಿಗೆ ಹೇಗೆ ಗೊತ್ತಾಯಿತು? ಉತ್ತರ ಸಿಗದಿದ್ದರೆ ನಿಮ್ಮಲ್ಲೇ ನಿಲ್ಲಿಸಿಬಿಡಿ. ಮನೆಯಲ್ಲಿ ಓದುವ ಹೆಣ್ಣುಮಗಳಿದ್ದರೆ, ಅವಳ ನೋಟ್‌ಬುಕ್ಕನ್ನು ಒಮ್ಮೆ ಕೇಳಿ ಓದಿಸಿಕೊಳ್ಳಿ.

ಅಲ್ಲಾಹನು ನಮ್ಮ ನಾಲಿಗೆಯನ್ನೂ ನಮ್ಮ ಬೆರಳುಗಳನ್ನೂ ಸುಳ್ಳಿನಿಂದ ಕಾಪಾಡಲಿ, ರೋಗಿಗಳಿಗೆ ಶಿಫಾ ಕರುಣಿಸಲಿ. ಆಮೀನ್.